ಬೀದರದಿಂದ ಕಲ್ಯಾಣದ ಕೆರೆಯವರೆಗೆ

ಬೀದರ ನಗರ ಹಾಗೂ ಬಸವಕಲ್ಯಾಣ ಇವೆರಡನ್ನೂ ಒಂದೇ ದಿನದಲ್ಲಿ ದರ್ಶಿಸಿ ಬರಲು ಸಾಧ್ಯವಿದೆ. ಇವುಗಳ ನಡುವಣ ಅಂತರ ಸುಮಾರು 80 ಕಿಲೋಮೀಟರು. ಕಳೆದ ಮಾಘಮಾಸದಲ್ಲಿ ನಮ್ಮ ಮಠದ ಭಕ್ತಕುಟುಂಬಗಳ ಸುಮಾರು ನಲವತ್ತು ಜನರೊಡನೆ ಈ ಯಾತ್ರೆಯನ್ನು ಕೈಗೊಂಡೆವು. ಸ್ಥಳೀಯರಾದ ಮಾರ್ಗದರ್ಶಕರೊಬ್ಬರು ಇಡೀ ದಿನ ನಮ್ಮೊಡನಿದ್ದರು.

ಬಹಮನಿ ಸುಲ್ತಾನ ಅಹಮದ್ ಶಾಹನು 15ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ಸಾಗಿಸಿದನು. ಕೆಂಪು ಜಂಬಿಟ್ಟಿಗೆಯ ಭೂಮಿಯಲ್ಲಿ ಎದ್ದುನಿಂತ ಕೋಟೆ, ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿ, ಪ್ರಧಾನಿ ಮಹಮೂದ್ ಗವಾನನು 1472ರಲ್ಲಿ ಪೂರ್ಣಗೊಳಿಸಿದ ವಿದ್ಯಾಲಯ ಇವೆಲ್ಲವೂ ನೋಡತಕ್ಕವು. ಆ ವಿದ್ಯಾಲಯದ ಒಂದು ಭಾಗ 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ನಾಶವಾಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ. ಸತುವು ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕುಶಲಿಗಳ ಕೈಚಳಕವನ್ನು ನಮ್ಮ ಮಕ್ಕಳು ಬಹಳ ಹೊತ್ತು ನೋಡುತ್ತ ನಿಂತರು.

ಊರಿನ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಅರಸರ ಗೋರಿಗಳಿವೆ. ಅಲ್ಲಿ ಅಹಮದ್ ಶಾಹನ ಗುಮ್ಮಟದ ಒಳಭಾಗವು ಚಿನ್ನ, ಹಿಂಗುಲ, ನೀಲವರ್ಣಗಳ ಚಿತ್ರಲಿಪಿಯಿಂದ ತುಂಬಿದೆ. ಆದರೆ ನಾವು ಅರಿಯಬೇಕಾದ ಸಂಗತಿ ಬೇರೊಂದಿದೆ. ಈ ಸುಲ್ತಾನನನ್ನು ಮುಸಲ್ಮಾನರು ‘ವಲೀ’ ಎಂದು ಗೌರವಿಸಿದರೆ, ಈ ಭಾಗದ ಲಿಂಗಾಯತರು ಅಲ್ಲಮಪ್ರಭುವಿನ ಹೆಸರಿನಿಂದ ನೆನೆಯುತ್ತ ಬಂದಿದ್ದಾರೆ. ಹೋಳಿಯ ನಂತರ ನಡೆಯುವ ಉರುಸಿಗೆ ಕಲಬುರ್ಗಿ ಸೀಮೆಯ ಮಾಡ್ಯಾಳದಿಂದ ಜಂಗಮರು ತಮ್ಮ ಪರಿವಾರದೊಡನೆ ಬಂದು, ಶಂಖವನ್ನೂದಿ, ಕಾಯಿ ಒಡೆದು, ಹೂವನ್ನರ್ಪಿಸುವ ಪದ್ಧತಿ ಬೆಳೆದುಬಂದಿದೆ. ಅರಸನ ಗೋರಿ ಜನರ ಪಾಲಿಗೆ ಜೀವಂತವಾಗಿ ಉಳಿದದ್ದು ಗುಮ್ಮಟದ ಭವ್ಯತೆಯಿಂದಲ್ಲ, ವರುಷ ವರುಷವೂ ಬರುವ ಈ ಪಾದಗಳಿಂದ.

ಮಧ್ಯಾಹ್ನದ ಪ್ರಸಾದವನ್ನು ಮುಗಿಸಿ ಹುಮನಾಬಾದ ಮಾರ್ಗವಾಗಿ ಬಸವಕಲ್ಯಾಣವನ್ನು ಸೇರಿದೆವು. ಒಂದನೆಯ ಸೋಮೇಶ್ವರನ ಕಾಲದಲ್ಲಿ ಚಾಲುಕ್ಯರ ರಾಜಧಾನಿಯಾದ ಈ ನಗರವು ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಕೀರ್ತಿಯ ಶಿಖರವನ್ನೇರಿತು. ವಿಜ್ಞಾನೇಶ್ವರನ ‘ಮಿತಾಕ್ಷರಾ’ ಆ ಕಾಲದ ಕೃತಿ. ಮುಂದೆ ಕಲಚುರಿ ಬಿಜ್ಜಳನ ಭಾಂಡಾರಿಯಾಗಿ ಬಸವಣ್ಣನವರು ಇಲ್ಲಿಗೆ ಬಂದರು. ಇಂದು ಕಾಣುವ ಕೋಟೆಯ ಬಹುಭಾಗ ಅದಕ್ಕೂ ನಂತರದ ಸುಲ್ತಾನರ ಕಾಲದ್ದು.

“ಶರಣರ ಅರಮನೆ ಎಲ್ಲಿದೆ?” ಎಂದು ನಮ್ಮೊಡನಿದ್ದ ಬಾಲಕನೊಬ್ಬನು ಕೇಳಿದನು. ಮಾರ್ಗದರ್ಶಕರು ಉತ್ತರಿಸದೆ ನಮ್ಮನ್ನು ತ್ರಿಪುರಾಂತಕೇಶ್ವರ ಕೆರೆಯ ದಡಕ್ಕೆ ಕರೆದೊಯ್ದರು. ಕೆರೆಯ ಪರಿಸರದಲ್ಲಿ ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಮೊದಲಾದವರ ಹೆಸರಿನ ಗವಿಗಳಿವೆ. ಮಡಿವಾಳ ಮಾಚಯ್ಯನ ಹೊಂಡವಿದೆ. ಈ ಹೆಸರುಗಳಿಗೆ ಶಾಸನದ ಆಧಾರವನ್ನು ಹುಡುಕಬಾರದು. ಇವು ಜನಪರಂಪರೆ ಕಾಪಾಡಿಕೊಂಡು ಬಂದ ನೆನಪುಗಳು. ಹಗ್ಗ ಹೊಸೆಯುವವನು, ದೋಣಿ ನಡೆಸುವವನು, ಬಟ್ಟೆ ಒಗೆಯುವವನು ಇವರ ಹೆಸರಿನಿಂದ ಒಂದು ರಾಜಧಾನಿಯ ನೆಲವನ್ನು ಜನರು ಗುರುತಿಸುವುದೇ ಒಂದು ದೊಡ್ಡ ಸಾಕ್ಷ್ಯವಲ್ಲವೇ?

ಆ ದಡದಲ್ಲಿಯೇ ಮಕ್ಕಳಿಗೆ ಚಂದಯ್ಯನ ಕಥೆಯನ್ನು ಹೇಳಿದೆವು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿತ್ತು. ಚಂದಯ್ಯನು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಬೆನ್ನುಹತ್ತಿ ಬಂದರೂ ಒಪ್ಪಲಿಲ್ಲ. ಮಾಚಯ್ಯನು ನಡುವೆ ಬಂದು, ಹಗ್ಗ ಮಾರುವ ಕಾಯಕವನ್ನು ಲಿಂಗಕ್ಕೂ ಒಪ್ಪಿಸಿದ ಮೇಲೆಯೇ ವಿವಾದ ಬಗೆಹರಿಯಿತು. ಬಸವಣ್ಣನವರು ಆ ಹಗ್ಗಕ್ಕೆ ಕೊಟ್ಟ ಹೆಚ್ಚಿನ ಹೊನ್ನನ್ನು ಚಂದಯ್ಯನು ಸ್ವೀಕರಿಸದೆ, ತಕ್ಕ ಬೆಲೆ ಸಾಕೆಂದನು. ದುಡಿಮೆಗೆ ಮೀರಿದ್ದು ತನ್ನದಲ್ಲವೆಂಬ ಈ ನಿಷ್ಠೆಯೇ ಶರಣರ ಅರಮನೆ ಎಂದು ಆ ಬಾಲಕನಿಗೆ ಹೇಳಿದೆವು.

ಕೆರೆಯ ಸಮೀಪದ ಅನುಭವ ಮಂಟಪವು ಭಾಲ್ಕಿಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರ ಪರಿಶ್ರಮದ ಫಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ಹಾಕಿ, ಒಳಗೆ ಕನ್ನಡ ಕಲಿಸಿದ ಪುಣ್ಯಪುರುಷರು ಅವರು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಸರ್ಕಾರವು ಶಂಕುಸ್ಥಾಪನೆ ಮಾಡಿದೆ. ಭವ್ಯ ಮಂಟಪ ಸಂತೋಷದ ವಿಷಯವೇ. ಆದರೆ ಅದರ ಮುಂದೆ ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವ ಯಾತ್ರಿಕರು ಗವಿಗಳತ್ತ ಹೆಜ್ಜೆಯಿಡದಿದ್ದರೆ, ಅಷ್ಟೂರಿನ ಜಂಗಮರು ತೋರಿದ ದಾರಿಯನ್ನು ನಾವೇ ಮರೆತಂತಾಗುತ್ತದೆ.

ಯಾತ್ರೆ ಕೈಗೊಳ್ಳುವ ಕುಟುಂಬಗಳಿಗೆ ಒಂದೆರಡು ಸೂಚನೆಗಳು. ಈ ಸೀಮೆಯಲ್ಲಿ ಬೇಸಿಗೆ ಕಠಿಣ. ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಹಿತಕರ. ಬೀದರವನ್ನು ಮುಂಜಾನೆ ಬೇಗನೆ ನೋಡಿ ಮುಗಿಸಿ, ಕೆರೆಯ ದಡಕ್ಕೆ ಕನಿಷ್ಠ ಎರಡು ತಾಸು ಉಳಿಸಿಕೊಳ್ಳಿರಿ. ಪರುಷಕಟ್ಟೆಯನ್ನೂ ಅರಿವಿನ ಮನೆಯನ್ನೂ ಬಿಡದೆ ನೋಡಿರಿ. ಉಂಡ ಎಲೆ, ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಎಸೆಯಬೇಡಿರಿ. ಅದು ಚಂದಯ್ಯನ ಕಾಯಕದ ನೆಲ. ಹೊರಡುವ ಮುನ್ನಾದಿನ ಮನೆಯ ಹಿರಿಯರು ಶರಣರ ಕಥೆಗಳನ್ನು ಮಕ್ಕಳಿಗೆ ಹೇಳಿರಲಿ.