ಗ್ರಹಣದ ಎಳ್ಳಮಾಸಿ

ಕಲ್ಯಾಣ ಪೂರ್ವದ ಒಂದು ಚಾಳು. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ. ಹಿರಿಯ ಮಗಳು ಹುಟ್ಟಿದ್ದು ಯಾವತ್ತು ಎಂದು ತವರಿಗೆ ಫೋನು ಮಾಡಿ ಕೇಳಿದರೆ ಅಜ್ಜಿಯ ಉತ್ತರ ಸಿದ್ಧವಾಗಿತ್ತು: ‘ಗ್ರಹಣ ಹಿಡದಿತ್ತಲ್ಲ, ಆ ಎಳ್ಳಮಾಸಿ ಆಗಿ ಮೂರನೇ ದಿನ, ನಸಕಿನ್ಯಾಗ.’

ಇದು ಅಡ್ಡಾದಿಡ್ಡಿ ನೆನಪಲ್ಲ. ಸೂರ್ಯಗ್ರಹಣದ ಆ ಅಮಾವಾಸ್ಯೆ 2019ರ ಡಿಸೆಂಬರ್ 26. ಅಮಾವಾಸ್ಯೆಯನ್ನೂ ಸೇರಿಸಿ ಎಣಿಸಿದರೆ 28, ಬಿಟ್ಟು ಎಣಿಸಿದರೆ 29. ಇಷ್ಟು ಖಚಿತವಾಗಿ ಗೊತ್ತಿರುವ ಹುಟ್ಟು ಯಾವ ರಿಜಿಸ್ಟರಿನಲ್ಲೂ ಇಲ್ಲ.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಹುಟ್ಟಿದ ಊರಲ್ಲೇ ನೋಂದಣಿಯಾಗಬೇಕು. 21 ದಿನದೊಳಗಾದರೆ ಶುಲ್ಕವಿಲ್ಲ. ಆಸ್ಪತ್ರೆಯ ಹೆರಿಗೆಯಾದರೆ ಆಸ್ಪತ್ರೆಯವರೇ ವರದಿ ಮಾಡುತ್ತಾರೆ. ಈಕೆ ಹುಟ್ಟಿದ್ದು ಅಜ್ಜಿಯ ಮನೆಯಲ್ಲಿ. ತಾಯಿ ಬಾಣಂತನದಲ್ಲಿ, ತಂದೆ ವಾರಕ್ಕೇ ಕಲ್ಯಾಣಕ್ಕೆ ವಾಪಸ್. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಬರೆಸಿದರಾಯಿತು ಎಂದುಕೊಂಡರು. ಹೆಸರಿಲ್ಲದೆಯೂ ಬರೆಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು ಎಂದು ಹೇಳುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಲಾಕ್‌ಡೌನ್ ಬಂತು.

ಹುಟ್ಟಿದ ಕೂಡಲೇ ನೋಂದಣಿ ಮಗುವಿನ ಹಕ್ಕು ಎನ್ನುತ್ತದೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಶೇ. 89ರಷ್ಟು ಮಕ್ಕಳ ಜನನ ನೋಂದಣಿಯಾಗಿತ್ತು. ಈ ಹುಡುಗಿ ಉಳಿದ ಹನ್ನೊಂದರವಳು.

ಶಾಲೆಗೆ ಸೇರಿಸಲು ತೊಂದರೆಯಾಗಲಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಪೇಚು ಬಂದದ್ದು ತಾರೀಖಿನ ಖಾನೆಯಲ್ಲಿ. ‘ಜೂನ್ 1 ಹಾಕೋಣವೇ?’ ಎಂದರು ಅಲ್ಲಿದ್ದವರು, ಸಹಾಯ ಮಾಡುವ ಮನಸ್ಸಿನಿಂದಲೇ. ತಂದೆಯ ಆಧಾರ್‌ನಲ್ಲಿರುವುದೂ ಜೂನ್ 1. ಅವನ ವಾರಗೆಯ ಎಷ್ಟೋ ಮಂದಿಯನ್ನು ಮೇಷ್ಟರುಗಳು ಅದೇ ದಿನ ಹುಟ್ಟಿಸಿದ್ದಾರೆ; ಅದೊಂದು ಹಳೆಯ ತಮಾಷೆ. ಹೆಣ್ಣುಮಗುವಿನ ಪಾಲಿಗೆ ಅದು ತಮಾಷೆಯಲ್ಲ. 2019ರ ಜೂನ್ 1 ಎಂದು ಬರೆದರೆ 2037ರ ಜೂನ್‌ಗೇ ಅವಳಿಗೆ ಹದಿನೆಂಟು ತುಂಬುತ್ತದೆ, ಹೆಚ್ಚುಕಡಿಮೆ ಏಳು ತಿಂಗಳು ಮೊದಲೇ. ನಡುವೆ ಯಾರಾದರೂ ಮದುವೆಗೆ ಅವಸರ ಮಾಡಿದರೆ, ತಡೆಯಲು ಬಂದವರ ಕೈಗೆ ಸಿಗುವುದು ಆ ಕಾಗದ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ವಯಸ್ಸಿಗೆ ಮೊದಲು ನೋಡಬೇಕಾದದ್ದು ಶಾಲೆಯ ದಾಖಲೆಯನ್ನೇ; ಜನನ ಪ್ರಮಾಣಪತ್ರದ ಸರದಿ ಆಮೇಲೆ. ತಾಯಿ ಬೇಡವೆಂದಳು. ಕಾಯ್ದೆ ಓದಿ ಅಲ್ಲ, ‘ನನ್ನ ಕೂಸು ಥಂಡಿಯೊಳಗ ಹುಟ್ಟ್ಯಾದ್ರೀ’ ಎಂದು.

2024ರಲ್ಲಿ ಇಲ್ಲೇ ಆಸ್ಪತ್ರೆಯಲ್ಲಿ ಹುಟ್ಟಿದ ತಮ್ಮನಿಗೆ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಪ್ರಮಾಣಪತ್ರವಿದೆ. ಇರಲೇಬೇಕು, 2023ರ ತಿದ್ದುಪಡಿಯಾದ ಮೇಲೆ, ಆ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಜನ್ಮದಿನಕ್ಕೆ ಅದೇ ಆಧಾರ. ಅಕ್ಕನದು ಒಂದು ವರ್ಷ ದಾಟಿದ ಪ್ರಕರಣ. ನೋಂದಣಿಯಾಗಿಲ್ಲ ಎಂಬ ಪತ್ರ, ಅಫಿಡವಿಟ್, ಕೊನೆಗೆ ಮ್ಯಾಜಿಸ್ಟ್ರೇಟರ ಆದೇಶ, ಎಲ್ಲವೂ ಹುಟ್ಟಿದ ಊರಿನ ಕಡೆಯೇ. ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಿಂದ ನೇರ ಕಲಬುರಗಿಗೆ ಹೋಗುತ್ತದೆ. ತಾಪತ್ರಯ ರೈಲಿನದಲ್ಲ, ತಪ್ಪಿಹೋಗುವ ದಿನಗೂಲಿಯದು.

ಈ ಸಲ ಎಳ್ಳಮಾಸಿಗೆ ಊರಿಗೆ ಹೋದಾಗ ಅರ್ಜಿ ಕೊಡುವುದೆಂದು ತೀರ್ಮಾನವಾಗಿದೆ. ಹೆರಿಗೆ ಮಾಡಿಸಿದ ಅಜ್ಜಿಯೂ ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಲು ತಾಲೂಕಿಗೆ ಬರುತ್ತಾಳಂತೆ. 28ಓ 29ಓ ಎಂಬುದನ್ನು ಮಾತ್ರ ಅವಳಿನ್ನೂ ಬೆರಳು ಮಡಚಿ ಎಣಿಸುತ್ತಿದ್ದಾಳೆ.