ಬಾಗಿಲಿನ ಗೀರು, ಡಿಕ್ಕಿಯ ತುಕ್ಕು

ಬೋರ್ಡೋ ಹೊಡೆಯೋ ಕಾಲ ಬಂತು. ಈ ವಾರ ನಮ್ಮ ಬಾಳೂರು ಕಡೆ ಯಾರ ಕಾರಿನ ಡಿಕ್ಕಿ ತೆಗೆದರೂ ಮೈಲುತುತ್ತ, ಸುಣ್ಣದ ಚೀಲ ಇದ್ದೇ ಇರುತ್ತೆ. ಅದಕ್ಕೇ ಇವತ್ತು ತೋಟದ ಸುದ್ದಿ ಬಿಟ್ಟು ಕಾರಿನ ಪೇಂಟಿನ ಸುದ್ದಿ ಬರೀತಿದ್ದೀನಿ. ನನ್ನ ಪೆದ್ದುತನದ ಕಥೆಯೂ ಹೌದು.

ಹೋದ ವರ್ಷ ಏಪ್ರಿಲ್‌ನಲ್ಲಿ ಮಗ ರಜೆಗೆ ಬಂದಿದ್ದ. ಲೈಸೆನ್ಸ್ ಹೊಸದು. ಗೇಟಿನ ಹತ್ತಿರ ಕಾರು ತಿರುಗಿಸುವಾಗ ಬೇಲಿಯ ಮುಳ್ಳುತಂತಿ ತಾಗಿ ಮುಂದಿನ ಬಾಗಿಲಿಂದ ಹಿಂದಿನ ಬಾಗಿಲವರೆಗೆ ಉದ್ದಕ್ಕೆ ಒಂದು ಗೀರು ಬಿತ್ತು. ಕೆಲಸದವರು ಅಲ್ಲೇ ನಿಂತಿದ್ರು. ಅವರೆದುರಿಗೇ ಬೈದೆ. "ಲಂಟಾನ ಉಜ್ಜಿದ ಗೀರು ಆಗಲೇ ನೂರಿದಾವಲ್ಲಪ್ಪ, ಅವನ್ನೆಲ್ಲ ಯಾರು ಮಾಡಿದ್ದು?" ಅಂದ. ಅದಕ್ಕೂ ಬೈದೆ. ಅವತ್ತಿಂದ ಅವನು ಕಾರಿನ ಕೀ ಮುಟ್ಟಲಿಲ್ಲ. ಮೂಡಿಗೆರೆಗೆ ಹೋಗೋದಿದ್ರೂ ಬಸ್ಸಿಗೇ ಹೋದ.

ಗೀರು ನಾನೇ ತೆಗೀತೀನಿ ಅಂತ ಹೊರಟೆ. ಮೊದಲು ಟೂತ್‌ಪೇಸ್ಟ್ ಉಜ್ಜಿದೆ. ಕೂದಲೆಳೆಯಂಥ ಗೀರು ಮಾಸಿದವು, ತಂತಿಯ ಗೀರು ಹಾಗೇ ಇತ್ತು. ಆಮೇಲೆ ಮೋಟಾರ್ ರಿಪೇರಿಗೆ ಇಟ್ಟಿದ್ದ 220 ನಂಬರಿನ ಎಮರಿ ಪೇಪರ್ ತಗೊಂಡು ತಿಕ್ಕಿದೆ. ಅಂಗೈ ಅಗಲ ಹೊಳಪು ಹೋಗಿ ಬೂದಿ ಬಳಿದ ಹಾಗಾಯ್ತು. ಒಂದು ಗೆರೆ ಇದ್ದಿದ್ದು ಒಂದು ಪಟ್ಟಿ ಆಯ್ತು. ಅಲ್ಲಿಗೆ ಕೈ ಬಿಟ್ಟೆ.

ಮೇ ಕೊನೆಗೆ ಅದೇ ಕಾರಿನಲ್ಲಿ ಮೈಲುತುತ್ತ ತಂದೆ. ಒಂದು ಚೀಲದ ಮೂಲೆ ಹರಿದಿತ್ತು. ಸ್ಪ್ರೇ ಪಂಪಿನ ಕಬ್ಬಿಣದ ಕಾಲು ಎಳೆದ ಕಡೆ ಡಿಕ್ಕಿ ತಳದ ಪೇಂಟ್ ಕಿತ್ತು ತಗಡು ಕಾಣ್ತಿತ್ತು. ಒಳಗೆ ತಾನೇ, ಯಾರಿಗೆ ಕಾಣುತ್ತೆ ಅಂತ ಮೇಲೆ ಚಾಪೆ ಎಳೆದೆ. ಮಳೆಗಾಲ ಪೂರ್ತಿ ಒದ್ದೆ ಕೊಡೆ, ಪ್ಲಾಸ್ಟಿಕ್ ಕೋಟು ಎಲ್ಲ ಅದರ ಮೇಲೇ.

ನವೆಂಬರ್‌ನಲ್ಲಿ ಕಾರು ಮಾರೋಣ ಅನ್ನಿಸ್ತು. ನೋಡಕ್ಕೆ ಬಂದವರಿಗೆ ಬಾಗಿಲಿನ ಗೀರು ತೋರಿಸಿ, "ಮಗ ಮಾಡಿದ್ದು, ಅದಕ್ಕೆ ಸ್ವಲ್ಪ ಕಡಿಮೆ ಮಾಡ್ತೀನಿ" ಅಂದೆ. ಅವರು ಅದನ್ನ ಸರಿಯಾಗಿ ನೋಡಲೂ ಇಲ್ಲ. ಸೀದಾ ಹಿಂದೆ ಹೋಗಿ ಡಿಕ್ಕಿ ಚಾಪೆ ಎತ್ತಿದ್ರು. ತಳ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಒತ್ತಿದ ಕಡೆ ತಗಡು ಚಕ್ಕೆ ಎದ್ದು ಕೆಳಗಿನ ನೆಲ ಕಾಣಿಸ್ತು. ಮಾತಾಡದೆ ಚಾಪೆ ಮುಚ್ಚಿ ಹೋದರು. ಮಗ ಜಗಲಿಯಲ್ಲೇ ಕೂತಿದ್ದ. ಅವನೂ ಏನೂ ಅನ್ನಲಿಲ್ಲ.

ಇದು ಯಾಕೆ ಹೀಗಾಯ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೋರ್ಡೋ ಹದ ನೋಡಕ್ಕೆ ನಾವೇ ಕತ್ತಿ ಅದ್ದುತ್ತೀವಿ. ಸುಣ್ಣ ಕಡಿಮೆ ಇದ್ರೆ ಕತ್ತಿ ಮೇಲೆ ಕೆಂಪು ಕೂರುತ್ತೆ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬರೋದು ಅದು. ಮೈಲುತುತ್ತ ಕಬ್ಬಿಣದ ಬಕೆಟ್‌ನಲ್ಲಿ ಕರಗಿಸಬಾರದು ಅಂತಲೂ ಗೊತ್ತು. ಪೇಂಟ್ ಕಿತ್ತ ಡಿಕ್ಕಿ ಅಂದ್ರೆ ಕಬ್ಬಿಣದ ಬಕೆಟ್ಟೇ. ಕೂತ ತಾಮ್ರ ಪಕ್ಕದ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯೋ ಹಾಗೆ ಮಾಡುತ್ತೆ.

ಮಗನ ಗೀರು ಮಾತ್ರ ಇಡೀ ಮಳೆಗಾಲ ನೆನೆದ್ರೂ ಒಂದು ಚುಕ್ಕೆ ತುಕ್ಕಿಲ್ಲ. ಅದು ತಗಡಿನವರೆಗೆ ಹೋಗೇ ಇರಲಿಲ್ಲ.

ಕಾರಿನ ಪೇಂಟ್ ಒಂದೇ ಪದರ ಅಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್. ಎಲ್ಲ ಸೇರಿದ್ರೂ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಹಾಗಾಗಿ ತಿಕ್ಕೋ ಮೊದಲು ಗೀರು ಎಷ್ಟು ಆಳ ಅಂತ ನೋಡಬೇಕು. ಕಾರು ತೊಳೆದು ಗೀರಿನ ಮೇಲೆ ನೀರು ಹಾಕಿ. ಒದ್ದೆ ಇದ್ದಾಗ ಗೀರು ಮಾಯ ಆದ್ರೆ ಅದು ಕ್ಲಿಯರ್ ಕೋಟಿನದು. ಉಗುರು ಎಳೆದಾಗ ಸಿಕ್ಕಿಕೊಂಡ್ರೆ ಆಳ. ಒಳಗೆ ಬಿಳಿ ಅಥವಾ ಬೂದು ಕಂಡ್ರೆ ಸಾಮಾನ್ಯವಾಗಿ ಪ್ರೈಮರ್. ಹೊಳೆಯೋ ಲೋಹವೋ ಕಂದು ಬಣ್ಣವೋ ಕಂಡ್ರೆ ತಗಡು. ಬಂಪರ್ ಪ್ಲಾಸ್ಟಿಕ್, ತುಕ್ಕಿನ ಚಿಂತೆ ಇಲ್ಲ.

ಕ್ಲಿಯರ್ ಕೋಟಿನ ಗೀರಿಗೆ ಅವಸರ ಬೇಡ, ಮಳೆ ಮುಗಿದ ಮೇಲೆ ಮಾಡಿ. ಮೆತ್ತನೆ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹಗುರಕ್ಕೆ ಉಜ್ಜಿದ್ರೆ ಸಾಕು. ಹಳೇ ಕಾರಿನಲ್ಲಿ ಬಟ್ಟೆಗೆ ಬಣ್ಣವೇ ಬಂದ್ರೆ ಮೇಲೆ ಕ್ಲಿಯರ್ ಕೋಟ್ ಇಲ್ಲ ಅಂತ, ಇನ್ನೂ ಹುಷಾರಾಗಿ ಉಜ್ಜಿ.

ತಗಡು ಕಂಡಿದ್ದನ್ನ ಮಾತ್ರ ಮಳೆ ಹಿಡಿಯೋ ಮೊದಲೇ ಮುಚ್ಚಬೇಕು. 320ರ ಎಮರಿ ಪೇಪರನ್ನ ಬೆರಳ ತುದಿಯಷ್ಟು ಮಡಚಿ, ತುಕ್ಕು ಪೂರ್ತಿ ಹೋಗಿ ಲೋಹ ಹೊಳೆಯೋವರೆಗೆ ಆ ಜಾಗ ಮಾತ್ರ ಉಜ್ಜಿ. ಸ್ಪಿರಿಟ್‌ನಲ್ಲಿ ಒರೆಸಿ. ಸಣ್ಣ ಬ್ರಷ್‌ನಲ್ಲಿ ತೆಳ್ಳಗೆ ಪ್ರೈಮರ್, ಒಣಗಿದ ಮೇಲೆ ಎರಡು ಮೂರು ಸಲ ತೆಳ್ಳಗೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಒಂದೇ ಸಲ ದಪ್ಪಕ್ಕೆ ಹಾಕಿದ್ರೆ ಒಳಗೆ ಒಣಗಲ್ಲ. ಬಣ್ಣದ ಕೋಡ್ ಬಾನೆಟ್ ಒಳಗಿನ ಪ್ಲೇಟಿನಲ್ಲೋ ಬಾಗಿಲ ಚೌಕಟ್ಟಿನಲ್ಲೋ ಇರುತ್ತೆ. ವಾರ ಬಿಟ್ಟು 2000 ನಂಬರಿನ ವಾಟರ್ ಪೇಪರನ್ನ ನೀರಲ್ಲಿ ಅದ್ದಿ ಹಗುರಕ್ಕೆ ಉಜ್ಜಿ, ಕಾಂಪೌಂಡ್ ಹಾಕಿದ್ರೆ ಉಬ್ಬು ಸಮ ಆಗುತ್ತೆ. ಹತ್ತಿರದಿಂದ ನೋಡಿದ್ರೆ ಗೊತ್ತಾಗುತ್ತೆ, ಪರವಾಗಿಲ್ಲ. ನೀರು ಒಳಗೆ ಹೋಗಬಾರದು, ಅಷ್ಟೇ.

ಈಗ ಮಧ್ಯಾಹ್ನದ ಮೇಲೆ ಗುಡುಗು ಶುರು ಆಗ್ತಿದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಪೇಂಟ್ ಬಿಳುಚಿಕೊಳ್ಳುತ್ತೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ನೆರಳಲ್ಲಿ ಮಾಡಿ.

ಡಿಕ್ಕಿ ತಳಕ್ಕೆ ಇದ್ಯಾವುದೂ ಸಾಲಲಿಲ್ಲ. ಟಿಂಕರಿಂಗ್‌ನವರ ಹತ್ತಿರ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆ. ಹೋದ ಭಾನುವಾರ ಮಗ ಬಂದಿದ್ದ. ಅಂಗಳದಲ್ಲಿ ಕಾರು ನಿಲ್ಲಿಸಿ ಪ್ರೈಮರ್ ಡಬ್ಬಿ ತೆಗೆದೆ. ಅವನೇ ಬಂದು ಪಕ್ಕ ಕೂತ. "ಆ ಗೀರು ತಗಡಿಗೆ ಹೋಗಿರಲಿಲ್ಲ ಕಣೋ. ನಾನು ಸುಮ್ನೆ ಬೈದೆ, ಅದೂ ಎಲ್ಲರೆದುರಿಗೆ" ಅಂದೆ. "ಗೊತ್ತು ಬಿಡಪ್ಪ" ಅಂದು ಬ್ರಷ್ ಇಸ್ಕೊಂಡ. ಅವನ ಕೈ ನನ್ನದಕ್ಕಿಂತ ನಿಧಾನ, ನೀಟಾಗಿ ಬಂತು. ಬಾಗಿಲಿನಲ್ಲಿ ನಾನು ಉಜ್ಜಿ ಕೆಡಿಸಿದ ಪಟ್ಟಿ ಹಾಗೇ ಇದೆ, ದಸರಾ ಕಳೆದ ಮೇಲೆ ನೋಡೋಣ ಅಂದಿದ್ದಾನೆ.

ಈ ಸಲದ ಮೈಲುತುತ್ತ ಅವನೇ ಮೂಡಿಗೆರೆಯಿಂದ ತಂದ, ಕಾರಿನಲ್ಲೇ. ಚೀಲಗಳನ್ನ ಪ್ಲಾಸ್ಟಿಕ್ ಟಬ್ಬಿನೊಳಗೆ ಕೂರಿಸಿದ್ದ.

ನೀವೂ ಮಳೆ ಹಿಡಿಯೋ ಮೊದಲು ಒಂದು ಸಲ ಡಿಕ್ಕಿ ಚಾಪೆ ಎತ್ತಿ ನೋಡಿ.