ಮನೆಯಲ್ಲಿ ಪರಭಾಷೆ

ಮಕ್ಕಳಿಗೆ ಹೊಸ ಭಾಷೆಯೊಂದನ್ನು ಕಲಿಸಬೇಕೆಂದು ಹೊರಟ ತಂದೆತಾಯಿಗಳು ಮೊದಲು ಪುಸ್ತಕವನ್ನು ಹುಡುಕುವರು, ಬಳಿಕ ಉಪಾಧ್ಯಾಯರನ್ನು ಹುಡುಕುವರು. ತಮ್ಮ ಮನೆಯ ಕಡೆಗೆ ನೋಡುವವರು ವಿರಳ. ನಾವೂ ಹಾಗೆಯೇ ಇದ್ದೆವು. ಕಳೆದ ಡಿಸೆಂಬರಿನಲ್ಲಿ ನಮ್ಮ ಆರು ವರ್ಷದ ಮೊಮ್ಮಗಳು ನಮಗೆ ಕಲಿಸಿದ ಪಾಠವನ್ನು ವಾಚಕರ ಮುಂದಿಡುವೆವು. ಮಕ್ಕಳಿರುವ ಮನೆಗಳಿಗೆ ಇದರಿಂದ ಕಿಂಚಿತ್ ಉಪಯೋಗವಾದೀತು.

ನಮ್ಮ ಮಗಳ ಸಂಸಾರವು ಸಿಂಗಪುರದಲ್ಲಿರುವುದು. ಅಲ್ಲಿಯ ಶಾಲೆಗಳಲ್ಲಿ ಇಂಗ್ಲೀಷಿನೊಡನೆ ಮತ್ತೊಂದು ಭಾಷೆಯನ್ನು ಓದಬೇಕು. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಮಗಳೂ ಅಳಿಯಂದಿರೂ ಆಲೋಚಿಸಿ ಚೀನೀ ಭಾಷೆಯನ್ನೇ ಆರಿಸಿದರು. ಎರಡು ಭಾಷೆಗಳ ನಡುವೆ ಮೂರನೆಯದು ಬಂದರೆ ಮಗುವಿಗೆ ಗೊಂದಲವಾದೀತೆಂದು ಹೆದರಿ ಮನೆಯಲ್ಲಿ ಕನ್ನಡವನ್ನು ಬಿಟ್ಟೂಬಿಟ್ಟರು. ಹೀಗಾಗಿ ಮಗು ರಜೆಗೆಂದು ಚಿತ್ರದುರ್ಗಕ್ಕೆ ಬಂದಾಗ ಅಜ್ಜಿಯೂ ಮೊಮ್ಮಗಳೂ ಒಬ್ಬರ ಮುಖವನ್ನೊಬ್ಬರು ನೋಡಿ ನಗುವುದೊಂದೇ ಉಳಿಯಿತು. ಇದು ನಮ್ಮ ಮನಸ್ಸಿಗೆ ಬಹಳ ನೋವನ್ನುಂಟುಮಾಡಿತು.

ಮಗಳು ಹೊರಡುವಾಗ, ಕಲಿತ ಚೀನೀ ಮರೆಯದಂತೆ ದಿನವೂ ಒಂದು ಗಂಟೆ ಮೊಬೈಲಿನಲ್ಲಿ ಪಾಠಗಳನ್ನು ತೋರಿಸಿರೆಂದು ಹೇಳಿದ್ದಳು. ನಾವು ತಪ್ಪದೆ ತೋರಿಸಿದೆವು. ಮಗು ಅಲುಗಾಡದೆ ನೋಡುತ್ತಿದ್ದಳು. ನಾವು ತೃಪ್ತರಾಗಿದ್ದೆವು. ಎಂಟು ದಿನಗಳಾದ ಮೇಲೆ ನೆಂಟರ ಮುಂದೆ, "ಎಲ್ಲಿ, ಚೀನೀ ಮಾತಾಡಮ್ಮ" ಎಂದೆವು. ಮಗು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಪ್ಪು ಮಗುವಿನದಲ್ಲ, ನಮ್ಮದೇ ಎಂದು ತಿಳಿಯಲು ಇನ್ನೂ ಕೆಲವು ದಿನಗಳು ಬೇಕಾದುವು.

ಅದು ತಿಳಿದದ್ದು ಅಡಿಗೆಯ ಮನೆಯಲ್ಲಿ. ಅವರೆಕಾಯಿಯ ಕಾಲ. ನಮ್ಮ ಮನೆಯಾಕೆ ಮೊರವನ್ನು ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದಾಗ ಮಗು ಪಕ್ಕದಲ್ಲಿ ಕುಳಿತು ಕಾಳುಗಳನ್ನು "ಈ, ಅರ್, ಸಾನ್" ಎಂದು ತಾನಾಗಿಯೇ ಎಣಿಸತೊಡಗಿದಳು. ಅಜ್ಜಿಯು "ಒಂದು, ಎರಡು, ಮೂರು" ಎಂದಳು. ಅಂದಿನಿಂದ ಮಗುವೇ ಗುರು, ಅಜ್ಜಿಯೇ ಶಿಷ್ಯೆ. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವುದು: ‘ಮಾ’ ಎಂಬುದನ್ನು ಎತ್ತರದಲ್ಲಿ ಸಮನಾಗಿ ಹೇಳಿದರೆ ತಾಯಿ, ತಗ್ಗಿಸಿ ಎತ್ತಿದರೆ ಕುದುರೆ. ಅಜ್ಜಿಯು ತಾಯಿಯನ್ನು ಕುದುರೆ ಮಾಡಿದಾಗಲೆಲ್ಲ ಮಗು ಬಿದ್ದು ಬಿದ್ದು ನಗುವಳು. ಮಗುವಿನ ನಾಲಗೆಗೆ ಳಕಾರ ಹೊರಳದೆ ಕಾಳು ಕಾಲಾದಾಗ ಅಜ್ಜಿಯ ಸರದಿ. ಯಾರೂ ಯಾರನ್ನೂ ಗದರಿಸಲಿಲ್ಲ. ಇಬ್ಬರೂ ಕಲಿತರು.

ಇದಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪೆಟ್ರಿಷಿಯಾ ಕೂಲ್ ಮೊದಲಾದ ವಿದ್ವಾಂಸರು 2003ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲೀಷ್ ಮನೆಗಳ 9 ತಿಂಗಳ ಕೂಸುಗಳೊಡನೆ ಚೀನೀ ಮಾತನಾಡುವವರು 12 ಸಲ ಕುಳಿತು ಆಡಿದರು, ಪುಸ್ತಕ ಓದಿದರು. ಆ ಕೂಸುಗಳು ಚೀನೀ ಧ್ವನಿಭೇದಗಳನ್ನು ಗುರುತಿಸಿದುವು. ಅದೇ ಮಾತುಗಳನ್ನು ತೆರೆಯ ಮೇಲೆ ನೋಡಿದ ಅಥವಾ ಬರಿದೆ ಧ್ವನಿಮುದ್ರಣದಲ್ಲಿ ಕೇಳಿದ ಕೂಸುಗಳಿಗೆ ಆ ಲಾಭವಾಗಲಿಲ್ಲ. ನಮ್ಮ ಮಗು ಕೂಸಲ್ಲವಾದರೂ ನಾವು ಕಂಡದ್ದು ಇದನ್ನೇ: ಮಾತನ್ನು ಕಲಿಸುವುದು ಮನುಷ್ಯರ ಸಹವಾಸ.

ಬಳಿಕ ಮೊಬೈಲಿನ ಪಾಠವನ್ನು ನಿಲ್ಲಿಸಿದೆವು. ಸಿಂಗಪುರದಲ್ಲಿ ಮಗಳ ನೆರೆಮನೆಯ ಚೀನೀ ಅಜ್ಜಿಯೊಬ್ಬರು ಮಗುವನ್ನು ಬಹಳ ಪ್ರೀತಿಸುವರು. ಸಂಜೆ ಐದಕ್ಕೆ, ಎಂದರೆ ಅಲ್ಲಿ ಏಳೂವರೆಗೆ, ಅದೇ ಮೊಬೈಲಿನಲ್ಲಿ ಅವರೊಡನೆ ಮುಖಾಮುಖಿ ಮಾತು ಏರ್ಪಟ್ಟಿತು. ಅವರಿಗೆ ಹೇಳಲು ಮಗುವಿಗೆ ದಿನವೂ ಒಂದು ಸುದ್ದಿ ಬೇಕಾಯಿತು. ಒಂದು ದಿನ ಕೋಟೆ. ಒಂದು ದಿನ ಹಿರಿಯೂರಿನ ಮಾರಿಕಣಿವೆ. ಚಂದ್ರವಳ್ಳಿಗೆ ಕರೆದೊಯ್ದು, ಅಲ್ಲಿ ರೋಮಿನ ನಾಣ್ಯಗಳೊಡನೆ ಚೀನಾದ ನಾಣ್ಯವೊಂದೂ ದೊರೆತುದೆಂದು ಪುರಾತತ್ತ್ವಜ್ಞರು ಬರೆದಿರುವುದನ್ನು ಹೇಳಿದೆವು. ಆ ಸಂಜೆ ಮಗುವಿನ ಮಾತು ಮುಗಿಯಲೇ ಇಲ್ಲ!

ಇನ್ನು ಗೊಂದಲದ ಭಯ. ನಮ್ಮ ಸೀಮೆಯನ್ನೇ ನೋಡಬಾರದೆ? ಹೊಳಲ್ಕೆರೆ, ಹೊಸದುರ್ಗಗಳ ತಾಂಡಾಗಳಲ್ಲಿ ಮಕ್ಕಳು ಮನೆಯಲ್ಲಿ ಲಂಬಾಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವರು. ಹಿರಿಯೂರಿನ ಕಡೆ ತೆಲುಗು ಮನೆಮಾತಾದವರು ಸಂತೆಯಲ್ಲಿ ಕನ್ನಡದಲ್ಲಿಯೇ ವ್ಯಾಪಾರ ಮಾಡುವರು. ಯಾರಿಗೂ ತಲೆ ಕೆಟ್ಟಿಲ್ಲ. ಒಂದೊಂದು ಭಾಷೆಗೂ ಅದರದೇ ಆದ ಜನವೂ ಹೊತ್ತೂ ಇದ್ದರೆ ಮಗು ತಾನೇ ವಿಂಗಡಿಸಿಕೊಳ್ಳುವುದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಪರಭಾಷೆಯನ್ನು ಕಲಿಸುವ ಮನೆಯಲ್ಲಿ ಆ ಭಾಷೆಯ ಪ್ರೀತಿಯ ಜೀವ ಒಂದಾದರೂ ಮಗುವಿಗೆ ದೊರೆಯಲಿ. ದಿನಕ್ಕೆ ಒಂದು ಹೊತ್ತು ಗೊತ್ತಾಗಿರಲಿ. ಅತಿಥಿಗಳ ಮುಂದೆ ಪರೀಕ್ಷೆ ಬೇಡ. ಭಾಷೆ ಬಾರದ ಹಿರಿಯರು ನಾಚದೆ ಶಿಷ್ಯರಾಗಲಿ. ಮನೆಮಾತನ್ನು ಮಾತ್ರ ಹೊಸಿಲಿನಾಚೆ ನೂಕದಿರಲಿ. ಅದು ಹೋದರೆ ಮಗು ಕಳೆದುಕೊಳ್ಳುವುದು ಕೆಲವು ಪದಗಳನ್ನಲ್ಲ, ಅಜ್ಜಿಯನ್ನು.

ಮಗುವನ್ನು ಕರೆದೊಯ್ಯಲು ಬಂದ ಮಗಳು ಎಲ್ಲವನ್ನೂ ನೋಡಿ ಮೌನವಾಗಿದ್ದಳು. ಈಗ ಅವರ ಮನೆಯಲ್ಲಿ ರಾತ್ರಿಯ ಊಟದ ಹೊತ್ತು ಕನ್ನಡದ್ದು. ಕಾಳು ಈಗಲೂ ಒಮ್ಮೊಮ್ಮೆ ಕಾಲಾಗುವುದಂತೆ. ಆಗಲಿ, ತಿದ್ದುವುದಕ್ಕೆ ಅಜ್ಜಿ ಇದ್ದಾಳೆ.